ರೋಗಿಯ ಪಕ್ಕ ಕೂರುವುದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾ?

ಹಾಸನದ ನರ್ಸ್:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ವಾರ್ಡಿನಲ್ಲಿ, ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್ ಆಗಿದೆ. ನೋವಿಗೆ ಮಾರ್ಫಿನ್ ಇದೆ, ಹುಣ್ಣಿಗೆ ಡ್ರೆಸ್ಸಿಂಗ್ ಇದೆ. ಆದರೆ ನೈಟ್ ಡ್ಯೂಟಿಯಲ್ಲಿ ಯಾರಾದರೂ ಕೈ ಹಿಡಿದುಕೊಂಡು "ಸಿಸ್ಟರ್, ನಾನು ಯಾರಿಗೆ ಏನು ಕೇಡು ಮಾಡಿದ್ದೆ?" ಅಂತ ಕೇಳಿದರೆ ಅದಕ್ಕೆ ನಮ್ಮ ಟ್ರೇಯಲ್ಲಿ ಏನೂ ಇಲ್ಲ. ಟ್ಯಾನರಿ ರೋಡಿನ ಒಬ್ಬ ಮುಸ್ಲಿಂ ಅಜ್ಜಿ, ಮಗ ಬರುವ ತನಕ ಯಾರಾದರೂ ಪಕ್ಕದಲ್ಲಿ ಕೂತು ಕಲ್ಮಾ ಹೇಳಲಿ ಅಂದರು. ಕೆಳಗಿನ ಮಹಡಿಯಿಂದ ಒಬ್ಬ ಅಟೆಂಡರ್ ಅಣ್ಣನನ್ನು ಕರೆಸಿದೆ. ಅವರು ಹೇಳಿದ ಮೇಲೆ ಅಜ್ಜಿಯ ಉಸಿರೇ ನಿಧಾನವಾಯಿತು, ನಾನೇ ನೋಡಿದೆ.

ಇದನ್ನೇ ಓದಬೇಕು ಅಂತ ಮನಸ್ಸಾಗಿದೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂತರ್‌ಧರ್ಮೀಯ ಅಧ್ಯಯನ, ಚಾಪ್ಲಿನ್ಸಿ (ಆಸ್ಪತ್ರೆಯಂಥ ಕಡೆ ಜನರ ಪಕ್ಕ ಕೂತು ಮನಸ್ಸಿಗೆ, ನಂಬಿಕೆಗೆ ಆಸರೆಯಾಗುವ ಕೆಲಸ), ಶಾಂತಿ ಕಟ್ಟುವ ಕೆಲಸ, ಮೂರಕ್ಕೂ ಎಂಎ ಇದೆಯಂತೆ. ಯಾವುದು ತೆಗೆದುಕೊಳ್ಳಲಿ? ಹಿಂದೂ ಆದ ನನಗೆ ಇದು ಹೊಂದುತ್ತದಾ? ಮನೆಯಲ್ಲಿ ಅಪ್ಪ "ಧರ್ಮ ಓದಿ ಯಾರು ಸಂಬಳ ಕೊಡ್ತಾರೆ?" ಅನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಜಯನಗರದ ರಾವ್:

ಅಮ್ಮಾ, ನಿಮ್ಮ ತಂದೆ ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಮಗಳು ಅಮೆರಿಕದಲ್ಲಿ ಓದಿದವಳು, ಅದಕ್ಕೆ ಇಷ್ಟು ಗೊತ್ತು. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡಲು 12 ತಿಂಗಳು ಸಿಗುತ್ತದೆ. ವಿಜ್ಞಾನ, ಇಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸೇರುತ್ತದೆ, ಧರ್ಮಶಾಸ್ತ್ರದವರಿಗೆ ಸೇರುವುದಿಲ್ಲ. ಎಜುಕೇಶನ್ ಲೋನ್ ಮಾಡುವ ಮುಂಚೆ ಈ ಲೆಕ್ಕ ಮುಂದೆ ಇಟ್ಟುಕೊಳ್ಳಿ. ಸ್ಕಾಲರ್‌ಶಿಪ್ ಪತ್ರ ಕೈಗೆ ಬಾರದೆ ಮನೆ ಅಡ ಇಡಬೇಡಿ. ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನೂ ಬಿಟ್ಟುಕೊಡಬೇಡಿ.

ಧಾರವಾಡದ ಅಕ್ಕ:

ತಂಗಿ, ನಾನು ಬೆಂಗಳೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನೀವು ಹೇಳುತ್ತಿರುವ ಕೆಲಸವನ್ನೇ ಮಾಡುತ್ತೇನೆ. ಲಿಂಗಾಯತರ ಮನೆಯವಳು, ಓದಿದ್ದು ಎಂಎಸ್‌ಡಬ್ಲ್ಯೂ, ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಪ್ರಶ್ನೆ ಮನಸ್ಸಿಗೆ ತಟ್ಟಿತು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು, ಆ ಮೂರು ಓದು ಮೂರು ಬೇರೆ ದಾರಿ. ಅಂತರ್‌ಧರ್ಮೀಯ ಅಧ್ಯಯನ ಅಂದರೆ ಗ್ರಂಥ, ಇತಿಹಾಸ, ಸಂವಾದದ ಓದು. ಶಾಂತಿಯ ಓದು ಊರು, ಓಣಿ, ಗಲಭೆ, ರಾಜಿಗೆ ಸಂಬಂಧಿಸಿದ್ದು. ಚಾಪ್ಲಿನ್ಸಿ ಒಬ್ಬ ಮನುಷ್ಯನ ಹಾಸಿಗೆ ಪಕ್ಕದ್ದು. ನಿಮ್ಮ ಅಜ್ಜಿಯ ಮಾತು ಓದಿದರೆ ನೀವು ಚಾಪ್ಲಿನ್ಸಿಗೆ ಸೇರಿದವರು ಅಂತ ನನಗೆ ಅನುಮಾನವೇ ಇಲ್ಲ.

ಆ ಕೆಲಸ ಕ್ಲಾಸ್‌ರೂಮಿನಲ್ಲಿ ಬರುವುದಿಲ್ಲ, ವಾರ್ಡಿನಲ್ಲೇ ಬರಬೇಕು. ಅದಕ್ಕಾಗಿಯೇ ಸಿಪಿಇ ಅಂತ ಒಂದು ತರಬೇತಿ ಇದೆ, ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್. ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ ಆಂಟನ್ ಬಾಯ್ಸನ್ ಎಂಬ ಪಾದ್ರಿ 1925ರಲ್ಲಿ ಅಮೆರಿಕದ ವುಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಇದನ್ನು ಶುರು ಮಾಡಿದರು. ಗ್ರಂಥ ಓದುವಷ್ಟೇ ಶ್ರದ್ಧೆಯಿಂದ ರೋಗಿಯ ಬದುಕನ್ನೂ ಓದಬೇಕು ಅನ್ನುವುದು ಅವರ ಹಟ. ಅಲ್ಲಿ ಈಗ ಒಂದು ಯೂನಿಟ್ ಅಂದರೆ 400 ಗಂಟೆ. ಅದರಲ್ಲಿ ಕನಿಷ್ಠ 100 ಗಂಟೆ ಗುಂಪಿನಲ್ಲಿ, ಸೂಪರ್‌ವೈಸರ್ ಎದುರಿಗೆ. ಉಳಿದದ್ದು ಹೆಚ್ಚಾಗಿ ರೋಗಿಗಳ ಜೊತೆ.

ಅದರ ಜೀವಾಳ ವರ್ಬೇಟಿಂ. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲುಸಾಲಾಗಿ ಬರೆಯಬೇಕು: ಅವರು ಏನಂದರು, ನಾನು ಏನಂದೆ, ಎಲ್ಲಿ ಸುಮ್ಮನಾದೆ, ಆಗ ನನ್ನ ಹೊಟ್ಟೆಯಲ್ಲಿ ಏನಾಗುತ್ತಿತ್ತು. ಅದನ್ನು ಗುಂಪಿನ ಮುಂದೆ ಓದಬೇಕು. ನಮ್ಮ ಗುಂಪಿನಲ್ಲಿ ಒಬ್ಬ ಕ್ರೈಸ್ತ ಬ್ರದರ್ ಇದ್ದರು. ರೋಗಿಯೊಬ್ಬರು "ದೇವರು ನನ್ನ ಮರೆತುಬಿಟ್ಟಾನ" ಅಂದಾಗ ಬ್ರದರ್ ತಕ್ಷಣ ಬೈಬಲ್ಲಿನ ಒಂದು ವಾಕ್ಯ ಹೇಳಿ ಪ್ರಾರ್ಥನೆ ಮಾಡಿದ್ದರು. ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ: "ಆ ಪ್ರಾರ್ಥನೆ ಯಾರಿಗೆ ಬೇಕಾಗಿತ್ತು, ಅವರಿಗೋ ನಿಮಗೋ?" ಆ ದಿನ ಯಾರೂ ಬೇಗ ಮಾತಾಡಲಿಲ್ಲ. ಈ ಪ್ರಶ್ನೆಯನ್ನು ನಾನು ಈಗಲೂ ಪ್ರತಿ ವಾರ್ಡಿನ ಬಾಗಿಲಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನು ಬೇರೆ ಬೇರೆ ಧರ್ಮ ತಿಳಿಯುವುದು. ಅದು ಭಾಷಣದಲ್ಲಿ ಹೇಳುವಂಥದ್ದಲ್ಲ, ಬಹಳ ಸಣ್ಣ ಸಣ್ಣ ಸಂಗತಿ. ಆಪರೇಷನ್‌ಗೆ ಕಳಿಸುವಾಗ ಕೊರಳಿನ ಇಷ್ಟಲಿಂಗವನ್ನು ಸರದ ಹಾಗೆ ಬಿಚ್ಚಿ ಕವರಿಗೆ ಹಾಕುವಂತಿಲ್ಲ. ಮೊದಲು ಕೇಳಬೇಕು, ಅವರ ಕೈಯಿಂದಲೇ ಮನೆಯವರಿಗೆ ಕೊಡಿಸಬೇಕು. ನಮ್ಮಲ್ಲಿ ಅನೇಕರು ದೇಹವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಬಿಲ್ಲಿಂಗ್ ಕೌಂಟರಿನಲ್ಲಿ ತಡವಾಗಿ ಮೈ ಸೆಟೆದುಕೊಂಡರೆ ಆ ಮನೆಯವರ ಸಂಕಟ ನೋಡಲಾಗುವುದಿಲ್ಲ. ಮುಸ್ಲಿಂ ಕುಟುಂಬಕ್ಕೆ ಬೇಗ ದಫನ್ ಆಗಬೇಕು, ಆದರೆ ಎಂಎಲ್‌ಸಿ ಕೇಸಾದರೆ (ಅಪಘಾತದಂಥ, ಪೊಲೀಸರಿಗೆ ತಿಳಿಸಬೇಕಾದ ಕೇಸು) ಪೊಲೀಸರ ಕಾಗದ ಇಲ್ಲದೆ ದೇಹ ಬಿಡುವುದಿಲ್ಲ. ಅದನ್ನು ಮೊದಲೇ, ಮೆತ್ತಗೆ, ಮನೆಯ ಹಿರಿಯರಿಗೆ ಹೇಳುವವರು ಒಬ್ಬರು ಬೇಕು. ಬಾಯಿಗೆ ಏನೂ ಕೊಡಬೇಡಿ ಅಂತ ಕೇಸ್‌ಶೀಟಿನಲ್ಲಿ ಬರೆದಿರುತ್ತದೆ, ಮಗಳು ಗಂಗಾಜಲದ ಗಿಂಡಿ ಹಿಡಿದು ನಿಂತಿರುತ್ತಾಳೆ. ಡಾಕ್ಟರ ಹತ್ತಿರ ಮಾತಾಡಿ ಹತ್ತಿಯಲ್ಲಿ ತುಟಿ ಒದ್ದೆ ಮಾಡಿಸಿದರೆ ಆಯಿತು. ಕ್ಯಾಥೊಲಿಕ್ ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರವನ್ನು ಫಾದರ್ ಮಾತ್ರ ಮಾಡಬಹುದು, ನಮ್ಮ ಕೆಲಸ ಅವರನ್ನು ಸಮಯಕ್ಕೆ ಕರೆಸುವುದು. ನೀವು ಅಟೆಂಡರ್ ಅಣ್ಣನನ್ನು ಕರೆಸಿದಿರಲ್ಲ, ಅದೇ.

ಹಾರ್ಟ್‌ಫರ್ಡ್ ಬಗ್ಗೆ. 19ನೇ ಶತಮಾನದ ಕ್ರೈಸ್ತ ಸೆಮಿನರಿ ಅದು. 2021ರಲ್ಲಿ ಹೆಸರು ಬದಲಿಸಿಕೊಂಡು ಧರ್ಮ ಮತ್ತು ಶಾಂತಿಯ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಆಯಿತು. ಅಮೆರಿಕದಲ್ಲಿ ಮುಸ್ಲಿಂ ಚಾಪ್ಲಿನ್‌ಗಳಿಗೆ ತರಬೇತಿ ಕೊಡಲು ಮೊದಲು ಮುಂದಾದವರು ಅವರೇ, ಹಾಗಾಗಿ ಹಿಂದೂ ಅನ್ನುವುದು ಅಲ್ಲಿ ಅಡ್ಡಿಯಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2008ರಲ್ಲೇ ಪೂರ್ಣಾವಧಿ ಹಿಂದೂ ಚಾಪ್ಲಿನ್ ನೇಮಿಸಿತು. ಆದರೆ ಅಲ್ಲಿನ ಆಸ್ಪತ್ರೆಗಳಲ್ಲಿ ಬೋರ್ಡ್ ಸರ್ಟಿಫಿಕೇಟ್ ಬೇಕೆಂದರೆ ಸ್ನಾತಕೋತ್ತರ ಪದವಿಯ ಜೊತೆ ನಾಲ್ಕು ಯೂನಿಟ್ ಸಿಪಿಇ ಬೇಕು, ಇವರು ನಮ್ಮವರು ಅಂತ ನಿಮ್ಮ ಧರ್ಮದ ಒಂದು ಸಂಸ್ಥೆಯ ಪತ್ರವೂ ಬೇಕು. ಪಾದ್ರಿಗೆ ಅವರ ಚರ್ಚು ಬರೆದುಕೊಡುತ್ತದೆ. ನಿಮಗೆ ಯಾರು ಬರೆದುಕೊಡುತ್ತಾರೆ? ಅರ್ಜಿ ಹಾಕುವ ಮುಂಚೆ ಅದಕ್ಕೊಂದು ಉತ್ತರ ಹುಡುಕಿಟ್ಟುಕೊಳ್ಳಿ.

ಇಲ್ಲಿ ಕೆಲಸ ಸಿಗುತ್ತದಾ ಅಂದರೆ, ಚಾಪ್ಲಿನ್ ಅನ್ನುವ ಹುದ್ದೆ ಹೆಚ್ಚಾಗಿ ಮಿಷನ್ ಆಸ್ಪತ್ರೆಗಳಲ್ಲೇ ಇರುವುದು. ನಮ್ಮ ಸೈನ್ಯ ಮಾತ್ರ ಇದನ್ನು ಯಾವತ್ತೋ ಒಪ್ಪಿಕೊಂಡಿದೆ. ಪಂಡಿತ, ಮೌಲ್ವಿ, ಸಿಖ್ಖರ ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು, ಎಲ್ಲರನ್ನೂ ಧರ್ಮಗುರು ಅಂತ ಜೂನಿಯರ್ ಕಮಿಷನ್ಡ್ ಆಫೀಸರ್ ದರ್ಜೆಯಲ್ಲಿ ತೆಗೆದುಕೊಳ್ಳುತ್ತದೆ. ಗಡಿಯಲ್ಲಿರುವ ಸೈನಿಕನಿಗೆ ಬೇಕಾದದ್ದು ಐಸಿಯುನಲ್ಲಿರುವ ರೈತನಿಗೂ ಬೇಕು ಅಂತ ನಮ್ಮ ಸರ್ಕಾರಿ ಆಸ್ಪತ್ರೆಗಳು ಯಾಕೆ ಒಪ್ಪುತ್ತಿಲ್ಲ ಅನ್ನುವುದು ನನ್ನ ದೊಡ್ಡ ಕೊರಗು.

ನನ್ನ ಮಾತು ಕೇಳುವುದಾದರೆ, ಮೊದಲು ಇಲ್ಲೇ ಒಂದು ಸಿಪಿಇ ಮಾಡಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ವಿಚಾರಿಸಿ, ಬೆಂಗಳೂರಿನ ಮಿಷನ್ ಆಸ್ಪತ್ರೆಗಳ ಪ್ಯಾಸ್ಟೋರಲ್ ಕೇರ್ ವಿಭಾಗಗಳಲ್ಲೂ ಕೇಳಿ. ಗ್ರಂಥದ ಓದು ಬೇಕೆನಿಸಿದರೆ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ, 1910ರಿಂದ. ಹೈದರಾಬಾದಿನಲ್ಲಿ ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟ್ ಇದೆ, 1930ರಲ್ಲಿ ಲಾಹೋರಿನಲ್ಲಿ ಹುಟ್ಟಿದ್ದು. ಧರ್ಮಗಳ ನಡುವಿನ ಸಂಬಂಧವೇ ಅವರ ವಿಷಯ.

ಕಾಟನ್‌ಪೇಟೆಯವನು:

ಅಕ್ಕ ಹೇಳಿದ್ದು ಆಸ್ಪತ್ರೆಯ ಮಾತು. ಶಾಂತಿಯ ಓದನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡಿ ಮೇಡಂ. ನಮ್ಮ ಓಣಿಗೆ ಕರಗ ಪ್ರತಿ ವರ್ಷ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೆ ಬಂದೇ ಹೋಗುತ್ತದೆ. ಆ ರಾತ್ರಿ ಸಲೀಸಾಗಿ ನಡೆಯಲಿ ಅಂತ ಹಿಂದಿನ ವಾರಗಳಲ್ಲಿ ಎರಡೂ ಕಡೆಯ ಹಿರಿಯರು ಎಷ್ಟು ಸಲ ಕೂತು ಟೀ ಕುಡಿಯುತ್ತಾರೆ ಅನ್ನುವುದು ಪೇಪರಿನಲ್ಲಿ ಬರುವುದಿಲ್ಲ.

ಈ ಓದು ಅದನ್ನೇ ಹುಡುಕುತ್ತದೆ. 1984ರ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಹೊತ್ತಿ ಉರಿದಿದ್ದ ಭಿವಂಡಿಯಲ್ಲಿ ಡಿಸಿಪಿ ಸುರೇಶ್ ಖೋಪಡೆ 1988ರಿಂದ ಮೊಹಲ್ಲಾ ಸಮಿತಿ, ಅಂದರೆ ಎರಡೂ ಕಡೆಯವರು ಇರುವ ಓಣಿ ಸಮಿತಿ, ಕಟ್ಟಿದರು. 1992-93ರಲ್ಲಿ ಪಕ್ಕದ ಮುಂಬಯಿ ಹೊತ್ತಿದಾಗ ಭಿವಂಡಿ ತಣ್ಣಗಿತ್ತು. ದಿನನಿತ್ಯ ಒಬ್ಬರನ್ನೊಬ್ಬರು ನೋಡುವುದಷ್ಟೇ ಸಾಲದು, ವ್ಯಾಪಾರದ ಸಂಘ, ಯೂನಿಯನ್ನಿನಲ್ಲಿ ಒಟ್ಟಿಗೆ ಇರಬೇಕು ಅಂತ ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ಣೇಯ ಭಾರತದ ಆರು ನಗರಗಳನ್ನು ಹೋಲಿಸಿ ತೋರಿಸಿದರು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿಜೆ ಹಳ್ಳಿ ಗಲಭೆಯ ರಾತ್ರಿ ಗುಡಿಯ ಸುತ್ತ ಕೈ ಹಿಡಿದು ನಿಂತ ಮುಸ್ಲಿಂ ಹುಡುಗರನ್ನು ನಾವೆಲ್ಲ ವಿಡಿಯೋದಲ್ಲಿ ನೋಡಿದ್ದೇವೆ. ಆ ಹುಡುಗರ ಹಿಂದೆ ಯಾರದ್ದೋ ವರ್ಷಗಳ ಕೆಲಸ ಇರುತ್ತದೆ ಅಂತ ನಾನು ನಂಬುತ್ತೇನೆ.

ಕೆಲಸ ಬಿಡದೆ ಓದಬೇಕೆಂದರೆ ದೂರಶಿಕ್ಷಣದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಗಾಂಧಿ ಮತ್ತು ಶಾಂತಿ ಅಧ್ಯಯನದ ಎಂಎ ಇದೆ. ದೆಹಲಿಗೆ ಹೋಗಬಹುದಾದರೆ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದ ನೆಲ್ಸನ್ ಮಂಡೇಲಾ ಕೇಂದ್ರದ ಎಂಎ ನೋಡಿ.

ಹಾಸನದ ನರ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾವ್ ಸರ್ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಅವರಿಗೆ ಸಮಾಧಾನ ಆಯಿತು. ಅಕ್ಕ, ಸಿಪಿಇಗೆ ಕ್ರಿಶ್ಚಿಯನ್ ಅಲ್ಲದವರನ್ನು ಸೇರಿಸಿಕೊಳ್ಳುತ್ತಾರಾ? ಮತ್ತೆ ನನಗೆ ಇಂಗ್ಲಿಷ್‌ನಲ್ಲಿ ಅಷ್ಟು ಉದ್ದ ಬರೆಯಲು ಕಷ್ಟ.

ಧಾರವಾಡದ ಅಕ್ಕ:

ನನ್ನನ್ನು ಸೇರಿಸಿಕೊಂಡರಲ್ಲ ತಂಗಿ. ಅರ್ಜಿಯಲ್ಲಿ ನಿಮ್ಮ ಧರ್ಮದ ಬಗ್ಗೆ ಪ್ರಾಮಾಣಿಕವಾಗಿ ಬರೆಯಿರಿ. ಬೆಳಗಿನ ಪ್ರಾರ್ಥನೆಯಲ್ಲಿ ಗೌರವದಿಂದ ಕೂರುತ್ತೇನೆ, ನನ್ನ ನಂಬಿಕೆ ಇದು ಅಂತ ಮೊದಲೇ ಹೇಳಿಬಿಡಿ. ವರ್ಬೇಟಿಂ ಅನ್ನು ರೋಗಿ ಆಡಿದ ಭಾಷೆಯಲ್ಲೇ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಸಾರ ಕೊಡುತ್ತೇನೆ ಅಂತ ಸೂಪರ್‌ವೈಸರ್‌ಗೆ ಕೇಳಿ, ನನಗೆ ಒಪ್ಪಿದ್ದರು. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ರಜೆಯ ಅರ್ಜಿ ಈಗಲೇ ಕೊಡಿ, ಡ್ಯೂಟಿ ರೋಸ್ಟರ್ ಆದ ಮೇಲೆ ಯಾರೂ ಬಿಡುವುದಿಲ್ಲ. ಆ ಅಟೆಂಡರ್ ಅಣ್ಣನ ಹೆಸರು, ಡ್ಯೂಟಿ ಸಮಯ ನಿಮ್ಮ ವಾರ್ಡಿನ ಫೋನ್ ಪಟ್ಟಿಯಲ್ಲಿ ಸೇರಿಸಿ. ಹತ್ತಿರದ ಮಸೀದಿ, ಚರ್ಚು, ಮಠದ ನಂಬರುಗಳನ್ನೂ ಅಲ್ಲೇ ಬರೆದಿಡಿ, ಅದಕ್ಕೆ ಯಾವ ಡಿಗ್ರಿಯೂ ಬೇಡ.