ಪದಚರ್ಚೆ: ಮೆಣಸಿನಕಾಯಿಯ ಖಾರ ನರವನ್ನು ‘ಮರಗಟ್ಟಿಸುತ್ತದೆ’ ಎನ್ನಬಹುದೇ?

ಮಾನ್ಯರೇ,

ಸರ್ಪಸುತ್ತು ವಾಸಿಯಾದ ಮೇಲೂ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವ ನರಶೂಲೆಯನ್ನು ಕುರಿತು ಹಿರಿಯರಿಗಾಗಿ ಒಂದು ಕಿರುಪುಸ್ತಿಕೆಯನ್ನು ಬರೆಯುತ್ತಿದ್ದೇನೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತುವಿನಿಂದ ಮಾಡಿದ ಮುಲಾಮು ಮತ್ತು ಪಟ್ಟಿಗಳಿಗೆ ಅದರಲ್ಲಿ ಎರಡು ಪುಟ ಮೀಸಲಾಗಿವೆ. ಈ ವಸ್ತು ನರದ ತುದಿಗಳನ್ನು ಏನು ಮಾಡುತ್ತದೆ ಎಂದು ಹೇಳುವ ಒಂದು ಕ್ರಿಯಾಪದ ಸಿಕ್ಕದೆ ಬರವಣಿಗೆ ಒಂದು ವಾರದಿಂದ ಅಲ್ಲೇ ನಿಂತಿದೆ.

ಸುಲಭವಾಗಿ ಕೈಗೆ ಸಿಗುವ ಮಾತು ‘ಉರಿಯೂತ ಶಮನಕಾರಿ’ ಎಂಬುದು. ಉರಿ ಮತ್ತು ಊತ ಎರಡನ್ನೂ ಸೇರಿಸಿ ಕಟ್ಟಿದ ‘ಉರಿಯೂತ’ ನಮ್ಮ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ ಒಳ್ಳೆಯ ಪದ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕ್ಯಾಪ್ಸೈಸಿನ್ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಚರ್ಮಕ್ಕೆ ಹಚ್ಚಿದ ಮೊದಲ ಗಳಿಗೆಯಲ್ಲಿ ಅದು ನರತುದಿಗಳಿಂದ ಸಬ್‌ಸ್ಟೆನ್ಸ್ ಪಿ ಮೊದಲಾದ, ನೋವಿನ ಸುದ್ದಿ ಒಯ್ಯುವ ಪದಾರ್ಥಗಳು ಹೊರಬೀಳುವಂತೆ ಮಾಡಿ, ಅಲ್ಲಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ, ಜಾಗವನ್ನು ಕೆಂಪಾಗಿಸುತ್ತದೆ, ಎಂದರೆ ತಾನೇ ಒಂದು ಉರಿಯೂತವನ್ನು ಹುಟ್ಟಿಸುತ್ತದೆ. ಹಂಗೆರಿಯ ವಿಜ್ಞಾನಿ ಮಿಕ್ಲೋಶ್ ಯಾಂಚೋ ಕಳೆದ ಶತಮಾನದ ನಡುವಿನಲ್ಲಿ ಇದನ್ನೇ ವಿವರವಾಗಿ ತೋರಿಸಿದರು: ಕ್ಯಾಪ್ಸೈಸಿನ್ನನ್ನು ಮತ್ತೆ ಮತ್ತೆ ಕೊಟ್ಟರೆ ನೋವಿನ ನರಗಳು ಅದಕ್ಕೂ, ಸಾಸಿವೆ ಎಣ್ಣೆಯಂಥ ಬೇರೆ ಉರಿಕಾರಕಗಳಿಗೂ ಓಗೊಡುವುದನ್ನು ನಿಲ್ಲಿಸುತ್ತವೆ, ನರ ಓಗೊಡದಿದ್ದಲ್ಲಿ ಅದರಿಂದ ಹುಟ್ಟುವ ಕೆಂಪೂ ಊತವೂ ಬರುವುದಿಲ್ಲ. ಉರಿ ಹುಟ್ಟಿಸುವುದೇ ಉರಿ ಕಳೆಯುವ ಈ ಎರಡನೆಯ ಘಟ್ಟಕ್ಕೆ ನನಗೆ ಪದ ಬೇಕಾಗಿದೆ.

‘ಉರಿ’ ಎಂಬ ಮಾತಿನಲ್ಲಿ ಮಾತ್ರ ಕನ್ನಡಕ್ಕೆ ಕೊರತೆಯಿಲ್ಲ. ಬಿಸಿ ಕಾಫಿ ಕುಡಿದರೂ ನಾಲಿಗೆ ಉರಿಯುತ್ತದೆ, ಗುಂಟೂರು ಮೆಣಸಿನಕಾಯಿ ಕಚ್ಚಿದರೂ ನಾಲಿಗೆ ಉರಿಯುತ್ತದೆ ಎಂದು ನಾವು ಒಂದೇ ಪದವನ್ನು ಎರಡಕ್ಕೂ ಬಳಸುತ್ತೇವೆ. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ಅವರ ತಂಡವು ಕ್ಯಾಪ್ಸೈಸಿನ್ ತಾಗುವ ಗ್ರಾಹಕವನ್ನು (ನರತುದಿಯಲ್ಲಿ ಬಾಗಿಲಿನಂತೆ ತೆರೆದುಕೊಳ್ಳುವ ಪ್ರೋಟೀನನ್ನು) ಗುರುತಿಸಿದಾಗ, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಮೀರಿದ ಬಿಸಿಗೂ ಅದೇ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದು ತಿಳಿಯಿತು. ಟಿಆರ್‌ಪಿವಿ1 ಎಂದು ಈಗ ಕರೆಯುವ ಈ ಗ್ರಾಹಕದ ಶೋಧಕ್ಕಾಗಿ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು. ಆದ್ದರಿಂದ ಪುಸ್ತಿಕೆಯಲ್ಲಿ ‘ದಾಹಕ ಸಂವೇದನೆ’ ಎಂಬ ಭಾರದ ಮಾತನ್ನು ಹೊಡೆದುಹಾಕಿ ‘ಉರಿ’ ಎಂದೇ ಬರೆದಿದ್ದೇನೆ. ಶಾಸ್ತ್ರಕ್ಕೆ ಇದರಿಂದ ಏನೂ ನಷ್ಟವಿಲ್ಲ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ನಾನು ನೋಡಿದ ಒಂದು ಕರಪತ್ರದಲ್ಲಿ ಈ ಔಷಧ ‘ನರಗಳನ್ನು ಮರಗಟ್ಟಿಸುತ್ತದೆ’ ಎಂದಿತ್ತು. ನನ್ನ ಸೋದರತ್ತೆಗೆ ಎಡಪಕ್ಕೆಯ ಮೇಲೆ ಸರ್ಪಸುತ್ತು ಬಂದು, ಗುಳ್ಳೆಗಳು ಒಣಗಿ ಹೊಪ್ಪಳೆ ಉದುರಿದ ಮೇಲೂ ಸೆರಗು ಸೋಕಿದರೆ ಸಾಕು, ಅಲ್ಲಿ ಭಗ್ಗೆನ್ನುತ್ತಿತ್ತು. ರವಿಕೆಯ ಆ ಬದಿಯ ಹೊಲಿಗೆಯನ್ನು ಬಿಚ್ಚಿಕೊಂಡೇ ಇರುತ್ತಿದ್ದರು. ಆ ಕರಪತ್ರವನ್ನು ಓದಿ ಹೇಳಿದಾಗ ಅವರು, “ಮರಗಟ್ಟಿಸ್ಕೊಂಡು ಏನ್ ಮಾಡ್ಲೇ? ನಾಳೆ ಕೆಂಡ ತಾಗಿದ್ರೂ ಗೊತ್ತಾಗ್ಬಾರ್ದಾ?” ಎಂದು ಮುಲಾಮನ್ನು ಮುಟ್ಟಲಿಲ್ಲ. ಅವರು ತಪ್ಪು ತಿಳಿದಿರಲಿಲ್ಲ, ಪದ ಹೇಳಿದ್ದನ್ನೇ ತಿಳಿದಿದ್ದರು. ಮರಗಟ್ಟಿದ ಕಾಲಿಗೆ ಮುಟ್ಟಿದ್ದು, ಒತ್ತಿದ್ದು, ಚುಚ್ಚಿದ್ದು ಯಾವುದೂ ತಿಳಿಯುವುದಿಲ್ಲ. ಕ್ಯಾಪ್ಸೈಸಿನ್ ಹಾಗಲ್ಲ, ಅದು ತನ್ನ ಗ್ರಾಹಕವಿರುವ ತೆಳು ನರಗಳನ್ನಷ್ಟೇ ಹಿಡಿಯುತ್ತದೆ. ಮುಟ್ಟಿದ್ದನ್ನು ತಿಳಿಸುವ ದಪ್ಪ ನರಗಳಲ್ಲಿ ಆ ಗ್ರಾಹಕ ಇಲ್ಲದಿರುವುದರಿಂದ ಸ್ಪರ್ಶ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

‘ಒಗ್ಗಿಸುತ್ತದೆ’ ಎನ್ನೋಣವೇ? ಬಾಳಕಕ್ಕೆಂದು ಮೆಣಸಿನಕಾಯಿ ಸೀಳಿ ಸೀಳಿ ರಾತ್ರಿಯೆಲ್ಲ ಬೆರಳು ಉರಿದಾಗ, ನೀರಿನಲ್ಲಿ ಎಷ್ಟು ತೊಳೆದರೂ ಹೋಗದ ಖಾರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ (ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ), “ನಾಲ್ಕು ದಿನ ಸೀಳಿದ್ರೆ ಕೈ ಒಗ್ಗತ್ತೆ” ಎನ್ನುತ್ತಿದ್ದವರೂ ಇದೇ ಅತ್ತೆ. ದಿನಕ್ಕೆ ಮೂರು ನಾಲ್ಕು ಸಲ ಹಚ್ಚುವ ಶೇಕಡಾ 0.025 ಅಥವಾ 0.075ರ ಮುಲಾಮಿಗೆ ಈ ಮಾತು ಹೊಂದುತ್ತದೆ. ಆದರೆ ಶೇಕಡಾ 8ರ ಪಟ್ಟಿಯ ಕೆಲಸ ಬೇರೆ ಬಗೆಯದು. ಸರ್ಪಸುತ್ತಿನ ಅನಂತರದ ನೋವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2009ರಲ್ಲಿಯೂ, ಮಧುಮೇಹದವರ ಪಾದದ ನರನೋವಿಗೆ 2020ರಲ್ಲಿಯೂ ಒಪ್ಪಿಗೆ ಕೊಟ್ಟ ಈ ಪಟ್ಟಿಯನ್ನು ಮೈಮೇಲಾದರೆ ಒಂದು ಗಂಟೆ, ಪಾದದಲ್ಲಾದರೆ ಅರ್ಧ ಗಂಟೆ ಅಂಟಿಸಿ ತೆಗೆಯುತ್ತಾರೆ. ಅಂಟಿಸುವವರು ನೈಟ್ರೈಲ್ ಕೈಗವಸು ತೊಡುತ್ತಾರೆ. ನರತುದಿಯೊಳಕ್ಕೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿ, ತುದಿ ತನ್ನ ಕೆಲಸವನ್ನು ಕಳೆದುಕೊಂಡು, ಚರ್ಮದ ಮೇಲ್ಪದರದಿಂದ ಹಿಂದೆ ಸರಿಯುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಚಿಗುರಿಕೊಳ್ಳುತ್ತದೆ. ಇದನ್ನು ಒಗ್ಗುವುದು ಎನ್ನಲಾಗದು. ‘ಜಡ್ಡುಗಟ್ಟು’ ಎಂದರೆ ದಪ್ಪವಾದಂತೆ ಕೇಳಿಸುತ್ತದೆ, ಇಲ್ಲಿ ಆಗುವುದು ಅದಕ್ಕೆ ತಿರುವುಮುರುವು. ‘ಸಾಯುತ್ತದೆ’ ಎಂದರೆ ಮರಳಿ ಚಿಗುರುವುದಕ್ಕೆ ಎಡೆಯೇ ಇಲ್ಲದಂತಾಗುತ್ತದೆ.

ಹೀಗಾಗಿ ನನ್ನ ಮನಸ್ಸು ‘ಉಡುಗು’ ಎಂಬ ಕ್ರಿಯಾಪದದ ಕಡೆ ವಾಲಿದೆ. ಕುಗ್ಗು, ಮುದುಡು ಎಂಬ ಅರ್ಥವೂ ಬಲಗುಂದು ಎಂಬ ಅರ್ಥವೂ ಅದರಲ್ಲಿ ಒಟ್ಟಿಗೆ ಇವೆ. ಜಂಘಾಬಲ ಉಡುಗಿತು ಎನ್ನುವಾಗ ಕಾಲು ಇಲ್ಲವಾಯಿತೆಂದು ಯಾರೂ ತಿಳಿಯುವುದಿಲ್ಲ. ಉಡುಗಿದ ಶಕ್ತಿ ಮರಳಿ ಬರುತ್ತದೆಂದೂ ನಾವು ಸಹಜವಾಗಿ ಹೇಳುತ್ತೇವೆ. “ಈ ಪಟ್ಟಿಯು ಮೊದಲು ಉರಿಸಿ, ಆಮೇಲೆ ಉರಿಯನ್ನು ತಿಳಿಸುವ ನರತುದಿಗಳನ್ನು ಕೆಲವು ತಿಂಗಳ ಮಟ್ಟಿಗೆ ಉಡುಗಿಸುತ್ತದೆ, ಮುಟ್ಟಿದ್ದು ನಿಮಗೆ ತಿಳಿಯುತ್ತಲೇ ಇರುತ್ತದೆ” ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಎರಡು ಅನುಮಾನಗಳನ್ನು ಬಲ್ಲವರು ಪರಿಹರಿಸಬೇಕಾಗಿ ಕೋರುತ್ತೇನೆ. ಮಲೆನಾಡಿನ ಕೆಲವು ಕಡೆ ‘ಉಡುಗು’ ಎಂದರೆ ಕಸ ಗುಡಿಸುವುದು. ಅಂಥ ಮನೆಯ ಎಪ್ಪತ್ತು ದಾಟಿದ ಹಿರಿಯರು ಈ ವಾಕ್ಯವನ್ನು ಓದಿದರೆ ನರವನ್ನು ಗುಡಿಸಿ ತೆಗೆಯುತ್ತಾರೆಂದು ಭಾವಿಸುವ ಅಪಾಯವಿದೆಯೇ? ಇನ್ನೊಂದು, ‘ಉಡುಗಿಸು’ ಎಂಬ ಪ್ರೇರಣಾರ್ಥಕ ರೂಪವನ್ನು ನಿಮ್ಮ ಊರಿನ ಆಡುಮಾತಿನಲ್ಲಿ ಕೇಳಿದ್ದೀರಾ, ಅಥವಾ ‘ನರತುದಿಗಳು ಉಡುಗುವಂತೆ ಮಾಡುತ್ತದೆ’ ಎಂದು ಬಿಡಿಸಿ ಬರೆಯುವುದೇ ಕಿವಿಗೆ ಹಿತವೇ? ಉತ್ತರಿಸುವವರು ಊರಿನ ಹೆಸರನ್ನೂ ಜೊತೆಗೆ ಬರೆದರೆ ನನಗೆ ಉಪಕಾರವಾಗುತ್ತದೆ.