ಯೆಜ್ಡಿ 250: ಹಿಂದಿನ ವೀಲ್ ಬೇರಿಂಗ್ ಹೊಸದು, ಆದರೂ ಆಟ ಹೋಗಿಲ್ಲ

ಎರಡು_ಸೈಲೆನ್ಸರ್
ಗಾಡಿ 1976ರ ಯೆಜ್ಡಿ 250. ನ್ಯೂಟ್ರಲ್‌ನಲ್ಲಿ ಉರುಳುವಾಗ ಹಿಂದಿನಿಂದ ಗರಗರ ಸದ್ದು ಬರುತ್ತಿತ್ತು. ಡಬಲ್ ಸ್ಟ್ಯಾಂಡ್ ಹಾಕಿ ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ರಿಮ್ಮಿನ ಹತ್ತಿರ ಸುಮಾರು 3 ಮಿ.ಮೀ. ಆಟ (ಸಡಿಲ ಅಲುಗಾಟ). ಹಬ್ಬಿನ (ಚಕ್ರದ ನಡುಭಾಗದ) ಎರಡೂ ಬೇರಿಂಗ್ ಬದಲಾಯಿಸಿದ್ದಾಗಿದೆ. ಸದ್ದು ನಿಂತಿತು, ಆಟ ಅರ್ಧ ಉಳಿದಿದೆ. ಇನ್ನೊಂದು ಹೊಸ ತೊಂದರೆ: ಆಕ್ಸಲ್ ನಟ್ ಪೂರ್ತಿ ಬಿಗಿದರೆ ಚಕ್ರ ಹಿಡಿದುಕೊಳ್ಳುತ್ತದೆ, ಅರ್ಧ ಸುತ್ತು ಬಿಟ್ಟರೆ ಸಲೀಸಾಗಿ ತಿರುಗುತ್ತದೆ. ಹಾಗೇ ಅರ್ಧ ಸುತ್ತು ಬಿಟ್ಟು ಓಡಿಸಬಹುದೇ? ಉಳಿದ ಆಟ ಎಲ್ಲಿಂದ ಬರುತ್ತಿದೆ?

ಚೈನ್‌ಕೇಸ್
ಅರ್ಧ ಸುತ್ತು ಬಿಟ್ಟು ಓಡಿಸಲೇಬೇಡಿ ಸರ್. ಆಕ್ಸಲ್, ಸ್ಪೇಸರ್, ಬೇರಿಂಗಿನ ಒಳರೇಸ್ (ಒಳಗಿನ ಉಂಗುರ) ಇವೆಲ್ಲ ಬಿಗಿಯಾಗಿ ಒಂದೇ ತುಂಡಿನಂತೆ ನಿಂತಿರಬೇಕು. ನಟ್ ಸಡಿಲ ಇದ್ದರೆ ಒಳರೇಸ್ ಆಕ್ಸಲ್ ಮೇಲೇ ಸುತ್ತಿ ಅದನ್ನು ತಿನ್ನುತ್ತದೆ. ನಟ್ ಪೂರ್ತಿ ಬಿಚ್ಚಿಕೊಳ್ಳುವ ಅಪಾಯ ಬೇರೆ.

ಬಿಗಿದಾಗ ಹಿಡಿಯುತ್ತದೆ ಎಂದರೆ ಮೊದಲ ಅನುಮಾನ ಹಬ್ಬಿನೊಳಗೆ ಎರಡು ಬೇರಿಂಗ್‌ಗಳ ನಡುವೆ ಕೂರುವ ಸ್ಪೇಸರ್ ಪೈಪಿನ ಮೇಲೆ. ಹಳೇ ಗಾಡಿಗಳಲ್ಲಿ ಅದರ ತುದಿ ಸವೆದಿರುತ್ತದೆ. ಇಲ್ಲವೇ ಯಾರೋ ಹಿಂದೆ ಬೇರಿಂಗ್ ಬಿಚ್ಚುವಾಗ ಸುತ್ತಿಗೆ ಏಟಿಗೆ ತುದಿ ಅರಳಿ, ಅದನ್ನು ಅರ ಹಾಕಿ ಸಪಾಟು ಮಾಡಿರುತ್ತಾರೆ. ಪೈಪು ಗಿಡ್ಡವಾದರೆ ನಟ್ ಬಿಗಿದಂತೆ ಎರಡೂ ಒಳರೇಸ್ ಒಂದರ ಕಡೆ ಇನ್ನೊಂದು ಸರಿಯುತ್ತವೆ, ಹೊರರೇಸ್ (ಹೊರಗಿನ ಉಂಗುರ) ಮಾತ್ರ ಹಬ್ಬಿನಲ್ಲೇ ನಿಂತಿರುತ್ತದೆ. ಗುಂಡುಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ಹೀಗೆ ಓಡಿಸಿದರೆ ಹಬ್ ಬಿಸಿಯಾಗಿ, ಗ್ರೀಸ್ ಕರಗಿ, ಹೊಸ ಬೇರಿಂಗೂ ಬೇಗ ಗರಗರ ಎನ್ನುತ್ತದೆ. ಜನ ಬೈಯುವುದು ಬೇರಿಂಗ್ ಕಂಪನಿಗೆ!

ಬೇರಿಂಗ್ ತೆಗೆದಾಗ ಹಬ್ಬಿನೊಳಗೆ ಬೇರಿಂಗ್ ತಾಗಿ ನಿಲ್ಲುವ ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಇರುವ ದೂರ ಅಳೆಯಿರಿ. ಸ್ಪೇಸರ್ ಅಷ್ಟೇ ಉದ್ದ ಅಥವಾ 0.1 ಮಿ.ಮೀ.ನಷ್ಟು ಹೆಚ್ಚು ಇರಬೇಕು, ಕಡಿಮೆ ಇರಬಾರದು. ಕಡಿಮೆ ಇದ್ದರೆ ಲೇತ್‌ನಲ್ಲಿ ಹೊಸದು ಮಾಡಿಸಿ, ಎರಡೂ ತುದಿ ಸಮಾನಾಂತರವಾಗಿರಲಿ. ಬ್ರೇಕ್ ಪ್ಲೇಟ್ ಹೊರಗಿನ ಚಿಕ್ಕ ಬುಷ್ ತಿರುಗುಮುರುಗಾದರೂ, ಬಿಟ್ಟುಹೋದರೂ ಪ್ಲೇಟ್ ಡ್ರಮ್ಮಿಗೆ ಒತ್ತಿ ಹೀಗೇ ಹಿಡಿಯಬಹುದು. ಮೊದಲು ಅದನ್ನು ನೋಡಿ, ಖರ್ಚಿಲ್ಲದ ಕೆಲಸ.

ಇನ್ನು ಉಳಿದ ಆಟ. ಜಾವಾ, ಯೆಜ್ಡಿಯಲ್ಲಿ ಆಕ್ಸಲ್ ಎಳೆದರೆ ಚಕ್ರ ಈಚೆ ಬರುತ್ತದೆ. ಸ್ಪ್ರಾಕೆಟ್ಟು, ಚೈನು ಚೈನ್‌ಕೇಸ್ ಒಳಗೇ ಉಳಿಯುತ್ತವೆ. ಪಂಕ್ಚರಿಗೆ ಬಹಳ ಅನುಕೂಲ. ಆದರೆ ಸ್ಪ್ರಾಕೆಟ್ಟನ್ನು (ಚೈನಿನ ಹಲ್ಲುಚಕ್ರ) ಹೊತ್ತಿರುವ ಕ್ಯಾರಿಯರಿಗೂ ಅದರದೇ ಬೇರಿಂಗ್ ಇದೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಚಕ್ರ ತೆಗೆದ ಮೇಲೆ ಒಳಗೆ ಕೈ ಹಾಕಿ ಕ್ಯಾರಿಯರನ್ನು ಹಿಡಿದು ಅಲುಗಿಸಿ. ಲಟಕ್ ಎಂದರೆ ಕಳ್ಳ ಸಿಕ್ಕಿದ. ಅದನ್ನು ಬದಲಾಯಿಸಲು ಚೈನ್‌ಕೇಸ್ ಬಿಚ್ಚಿ ಚೈನ್ ಲಾಕ್ (ಚೈನಿನ ಎರಡು ತುದಿ ಸೇರಿಸುವ ಕ್ಲಿಪ್) ತೆಗೆಯಬೇಕು. ಮತ್ತೆ ಹಾಕುವಾಗ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಕ್ಯಾರಿಯರಿಗೂ ಹಬ್ಬಿಗೂ ನಡುವಿನ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಆಗಲೇ ಬದಲಾಯಿಸಿ.

ಅಲ್ಲೂ ಆಟ ಇಲ್ಲದಿದ್ದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ಕವೆ) ಬುಷ್ ನೋಡಿ. ಚಕ್ರ ಅಲುಗಿಸುವಾಗ ಇನ್ನೊಬ್ಬರು ಸ್ವಿಂಗ್ ಆರ್ಮ್ ಮೇಲೆ ಬೆರಳಿಡಲಿ. ಅದೂ ಜೊತೆಗೆ ಅಲುಗಿದರೆ ವೀಲ್ ಬೇರಿಂಗಿಗೆ ಸಂಬಂಧವೇ ಇಲ್ಲ.

ಲೇತ್_ಮನೆ
ಮೇಲಿನದಕ್ಕೆ ಸೇರಿಸುವುದು ಇಷ್ಟು. ಸ್ಪೇಸರ್ ಅಳೆಯಲು ಬೇರಿಂಗ್ ಮತ್ತೆ ಬಿಚ್ಚಬೇಕು. ಒಳರೇಸಿಗೆ ಹೊಡೆದು ತೆಗೆದ ಬೇರಿಂಗನ್ನು ಮತ್ತೆ ಹಾಕಬೇಡಿ, ಗುಂಡುಗಳು ರೇಸಿನಲ್ಲಿ ಗುಳಿ ಬೀಳಿಸಿರುತ್ತವೆ. ಎರಡು ಬೇರಿಂಗಿನ ದುಡ್ಡು ಹೋಯಿತು ಎಂದುಕೊಳ್ಳಿ.

ತಣ್ಣನೆಯ ಹಬ್ಬಿಗೆ ಸುತ್ತಿಗೆ ಹಿಡಿಯಬೇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಬ್ಬಿನಲ್ಲಿ ಬೇರಿಂಗ್ ಕೂರುವ 40 ಮಿ.ಮೀ. ವ್ಯಾಸದ ಸೀಟು 80 ಡಿಗ್ರಿ ಹೆಚ್ಚು ಬಿಸಿಯಾದರೆ 0.07 ಮಿ.ಮೀ. ದೊಡ್ಡದಾಗುತ್ತದೆ, ಕೂರಿಸಲು ಅಷ್ಟು ಸಾಕು. ಬ್ರೇಕ್ ಪ್ಲೇಟ್, ಆಯಿಲ್ ಸೀಲ್, ಸರ್ಕ್ಲಿಪ್ ಇದ್ದರೆ ಅದು, ಎಲ್ಲ ತೆಗೆದು ಹಾಟ್ ಏರ್ ಗನ್‌ನಿಂದ ಹಬ್ಬಿನ ಸುತ್ತ ಸಮನಾಗಿ ಬಿಸಿ ಮಾಡಿ. ನೀರಿನ ಹನಿ ಚುರ್ ಎಂದರೆ ಸಾಕು. ಗ್ಯಾಸ್ ಟಾರ್ಚನ್ನು ಒಂದೇ ಕಡೆ ಹಿಡಿದರೆ ಹಬ್ ಸೊಟ್ಟಗಾಗುತ್ತದೆ. ಸ್ಪೇಸರನ್ನು ಪಕ್ಕಕ್ಕೆ ಸರಿಸಿ, ಆಚೆ ಕಡೆಯಿಂದ ಹಿತ್ತಾಳೆ ರಾಡನ್ನು ಒಳರೇಸಿನ ಅಂಚಿಗಿಟ್ಟು ಎದುರುಬದುರು ಜಾಗಗಳಲ್ಲಿ ಸರದಿಯಂತೆ ತಟ್ಟಿ. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಸೀಟು ಗೀಚುತ್ತದೆ.

ಹೊಸ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಎರಡು ಗಂಟೆ ಇಡಿ. ಕೂರಿಸುವಾಗ ಒತ್ತುವುದು ಹೊರರೇಸನ್ನು ಮಾತ್ರ. ಹಳೇ ಬೇರಿಂಗಿನ ಹೊರರೇಸನ್ನು ಹೊರಮೈಯಲ್ಲಿ ಸ್ವಲ್ಪ ಗ್ರೈಂಡ್ ಮಾಡಿಕೊಂಡರೆ ಅದೇ ಒಳ್ಳೆಯ ಟೂಲ್. ಮೊದಲು ಒಂದು ಬದಿ ಮೆಟ್ಟಿಲಿಗೆ ತಾಗುವವರೆಗೆ ಕೂರಿಸಿ, ಸ್ಪೇಸರ್ ಒಳಗಿಳಿಸಿ, ಆಮೇಲೆ ಇನ್ನೊಂದು. ಎರಡನೆಯದು ಸ್ಪೇಸರಿಗೆ ತಾಗಿದ ತಕ್ಷಣ ನಿಲ್ಲಿಸಿ.

ನಂಬರ್ ಯಾರನ್ನೂ ಕೇಳಬೇಡಿ, ಹಳೇ ಬೇರಿಂಗಿನ ಮೇಲೇ ಕೆತ್ತಿರುತ್ತದೆ. ಕ್ಯಾಲಿಪರ್ ಹಿಡಿದೂ ನೋಡಿ. 6203 ಎಂದರೆ 17 × 40 × 12, 6204 ಎಂದರೆ 20 × 47 × 14.

ಎರಡು_ಸೈಲೆನ್ಸರ್
ಕ್ಯಾರಿಯರ್ ಬೇರಿಂಗೇ ಹೋಗಿತ್ತು. ಸ್ಪೇಸರೂ 0.4 ಮಿ.ಮೀ. ಗಿಡ್ಡ. ಆದರೆ ಬ್ರೇಕ್ ಬದಿಯ ಬೇರಿಂಗ್ ಬಿಸಿ ಮಾಡದೆಯೇ ಹೆಬ್ಬೆರಳಿಗೆ ಒಳಗೆ ಹೋಗುತ್ತಿದೆ, ಸೀಟು ಕನ್ನಡಿಯಂತೆ ಹೊಳೆಯುತ್ತಿದೆ. ಸೀಟಿಗೆ ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡಿ ಕೊಡುತ್ತೇನೆ ಅನ್ನುತ್ತಾರೆ ಮೆಕ್ಯಾನಿಕ್. 2ಆರ್‌ಎಸ್ (ಎರಡೂ ಬದಿ ರಬ್ಬರ್ ಸೀಲ್ ಇರುವುದು) ಹಾಕಲೋ, ತೆರೆದ ಬೇರಿಂಗೋ?

ಲೇತ್_ಮನೆ
ಪಂಚ್ ಬೇಡ. ಬೇರಿಂಗ್ ನಿಲ್ಲುವುದು ನಾಲ್ಕಾರು ಚುಕ್ಕೆಗಳ ಮೇಲೆ, ಅವು ಬೇಗ ಚಪ್ಪಟೆಯಾಗುತ್ತವೆ. ಚಕ್ರದಲ್ಲಿ ಹೊರರೇಸ್ ಹಬ್ಬಿನ ಜೊತೆ ಸುತ್ತುತ್ತದೆ, ಆದ್ದರಿಂದ ಬಿಗಿ ಇರಬೇಕಾದ್ದು ಅಲ್ಲೇ. ಹೊಳಪು ಎಂದರೆ ರೇಸ್ ಸೀಟಿನಲ್ಲಿ ಜಾರಿದೆ.

ಹೆಬ್ಬೆರಳಿಗೆ ಹೋದರೂ ಒಳಗೆ ಅಲುಗದಿದ್ದರೆ ಲಾಕ್ಟೈಟ್ 641 ಅಂಟು ಸಾಕು, ಮುಂದೆ ಬಿಚ್ಚಲೂ ಬರುತ್ತದೆ. ಸೀಟು, ಹೊರರೇಸ್ ಎರಡನ್ನೂ ಅಸಿಟೋನ್‌ನಲ್ಲಿ ಒರೆಸಿ, ತೆಳ್ಳಗೆ ಸವರಿ, 24 ಗಂಟೆ ಮುಟ್ಟಬೇಡಿ. ಅಂಟು ಗುಂಡುಗಳ ಕಡೆ ಇಳಿಯದಿರಲಿ. ಸಡಿಲ 0.1 ಮಿ.ಮೀ. ದಾಟಿದರೆ ಸೀಟು ಬೋರ್ ಮಾಡಿಸಿ ಬುಷ್ ಹಾಕಿಸಿ. ಬುಷ್ಷಿನ ಕೊನೆಯ ಬೋರ್ ಹಬ್ಬಿಗೆ ಕೂರಿಸಿದ ಮೇಲೆಯೇ, ಡ್ರಮ್ಮಿಗೆ ಡಯಲ್ ಗೇಜ್ ಹಿಡಿದು ಸೆಂಟರ್ ಮಾಡಿ ಆಗಬೇಕು. ಅಳತೆ ಹೊರರೇಸಿಗಿಂತ 0.02 ರಿಂದ 0.03 ಮಿ.ಮೀ. ಚಿಕ್ಕದು. ರಿಮ್ ಸಮೇತ ಹಿಡಿಯುವ ದೊಡ್ಡ ಲೇತ್ ಬೇಕು, ಇಲ್ಲದಿದ್ದರೆ ಸ್ಪೋಕ್ ಬಿಚ್ಚಬೇಕು.

ಚೈನ್‌ಕೇಸ್
2ಆರ್‌ಎಸ್ ಹಾಕಿ. ಮಳೆ, ಕೆಸರು ಎರಡಕ್ಕೂ ಒಳ್ಳೆಯದು, ಹಬ್ಬಿಗೆ ಗ್ರೀಸ್ ತುಂಬುವುದೂ ಬೇಕಿಲ್ಲ. ತೆರೆದದ್ದೇ ಹಾಕುವುದಾದರೆ ಬೇರಿಂಗಿಗೆ ಲಿಥಿಯಂ ಗ್ರೀಸ್ ಪೂರ್ತಿ ತುಂಬಿ, ಹಬ್ಬಿನ ಖಾಲಿ ಜಾಗಕ್ಕೆ ಮೂರನೇ ಒಂದು ಭಾಗ ಮಾತ್ರ. ಹೆಚ್ಚಾದದ್ದು ಬಿಸಿಗೆ ಕರಗಿ ಬ್ರೇಕ್ ಶೂ ಮೇಲೆ ಬರುತ್ತದೆ. ಆಯಿಲ್ ಸೀಲ್ ಎರಡರಲ್ಲೂ ಹೊಸದೇ ಹಾಕಿ. ಬೇರಿಂಗನ್ನು ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತೆಗೆದುಕೊಳ್ಳಿ, ದೊಡ್ಡ ಬ್ರ್ಯಾಂಡ್‌ಗಳ ಡಬ್ಬಿಯಲ್ಲೇ ನಕಲಿ ಮಾಲು ಬರುತ್ತದೆ.

ಜೋಡಿಸಿದ ಮೇಲೆ ಬ್ರೇಕ್ ಪ್ಲೇಟಿನ ಟಾರ್ಕ್ ಆರ್ಮ್ ಬೋಲ್ಟ್ ಮತ್ತೊಮ್ಮೆ ನೋಡಿ. ಅದು ಬಿಟ್ಟುಹೋದರೆ ಬ್ರೇಕ್ ಹಿಡಿದ ಕ್ಷಣ ಪ್ಲೇಟ್ ಸುತ್ತಿ ರಾಡನ್ನೂ ಎಳೆದುಕೊಂಡು ಚಕ್ರ ಲಾಕ್ ಆಗುತ್ತದೆ.