ಹಳೆಯ ಸೇನಾ ಪದಕಗಳನ್ನು ಕೊಳ್ಳುವ ಮುನ್ನ: ಬಲ್ಲವರ ಅನುಭವಗಳು

ಕೇಳಿದವರು: ಕೊಪ್ಪಳದ ನಾಣ್ಯ ಸಂಗ್ರಾಹಕರು

ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಒಂದೇ ಪಟ್ಟಿಗೆ ಹೊಲಿದಿರುವ ನಾಲ್ಕು ಸೇನಾ ಪದಕಗಳನ್ನು ನನಗೆ ತೋರಿಸಿದ್ದಾರೆ. ಒಂದು ಬೆಳ್ಳಿಯ ಬಣ್ಣದ್ದಾಗಿದ್ದು ಅದರ ಮೇಲೆ ಐದನೇ ಜಾರ್ಜ್ ದೊರೆಯ ಮುಖವಿದೆ. ಇನ್ನೊಂದು ಹಳದಿ ಲೋಹದ್ದು, ರೆಕ್ಕೆಯಿರುವ ದೇವತೆಯ ಚಿತ್ರವಿದೆ. ಉಳಿದೆರಡು ಆರು ಮೂಲೆಯ ನಕ್ಷತ್ರಗಳು. ಒಂದರಲ್ಲಿ ‘ಬರ್ಮಾ’, ಮತ್ತೊಂದರಲ್ಲಿ ‘ಪೆಸಿಫಿಕ್’ ಎಂದಿದೆ. ದುಂಡನೆಯ ಎರಡರ ಅಂಚಿನಲ್ಲಿ ಒಂದು ಹೆಸರು ಮತ್ತು ‘97 ಡೆಕ್ಕನ್ ಇನ್‌ಫೆಂಟ್ರಿ’ ಎಂಬುದನ್ನು ಓದಬಹುದು. ನಕ್ಷತ್ರಗಳ ಮೇಲೆ ಹೆಸರಿಲ್ಲ. ನಾಲ್ಕೂ ರಾಯಚೂರು ಸೀಮೆಯ ಒಬ್ಬನೇ ಸೈನಿಕನವು ಎಂದು ವ್ಯಾಪಾರಿ ಹೇಳುತ್ತಾರೆ. ಇವು ಅಸಲಿಯೇ ಎಂಬುದನ್ನು ತಿಳಿಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ರಾಯಚೂರಿನಿಂದ, ನಿವೃತ್ತ ಇತಿಹಾಸ ಉಪನ್ಯಾಸಕ

ಪದಕದ ಮುಖವನ್ನು ನೋಡುವ ಮೊದಲು ಅಂಚನ್ನು ಓದಬೇಕು; ನೀವು ಅದನ್ನು ಓದಿದ್ದೀರಿ ಎಂಬುದು ಸಂತೋಷ. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಾಂಟಿಂಜೆಂಟ್ ಎಂಬ ಪಡೆಯ ಕಾಲಾಳು ದಳಗಳಿಗೆ 1903ರ ಪುನಾರಚನೆಯಲ್ಲಿ 94ರಿಂದ 99ರವರೆಗಿನ ಸಂಖ್ಯೆಗಳು ಬಂದವು, ಅವುಗಳಲ್ಲಿ 97ನೆಯದು ಡೆಕ್ಕನ್ ಇನ್‌ಫೆಂಟ್ರಿ. 1922ರಲ್ಲಿ ಈ ದಳಗಳು 19ನೇ ಹೈದರಾಬಾದ್ ರೆಜಿಮೆಂಟ್ ಆಗಿ ಮರುರೂಪಗೊಂಡವು, 1945ರಲ್ಲಿ ಆ ರೆಜಿಮೆಂಟಿಗೆ ಕುಮಾಊಂ ರೆಜಿಮೆಂಟ್ ಎಂಬ ಹೆಸರಾಯಿತು. ಆದ್ದರಿಂದ ಮೊದಲ ಮಹಾಯುದ್ಧದ ಪದಕದ ಮೇಲೆ ನೀವು ಹೇಳುವ ಹೆಸರಿರುವುದು ಕಾಲಕ್ಕೆ ಸರಿಹೊಂದುತ್ತದೆ. ಅದೇ ಹೆಸರು 1890ರ ದಶಕದ ಗಡಿನಾಡ ಕಾಳಗದ ಪದಕದ ಮೇಲೋ ಎರಡನೇ ಮಹಾಯುದ್ಧದ ಪದಕದ ಮೇಲೋ ಕಂಡಿದ್ದರೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ ಎನ್ನುತ್ತಿದ್ದೆ.

ಆದರೆ ‘ಡೆಕ್ಕನ್’ ಎಂದಿದ್ದ ಮಾತ್ರಕ್ಕೆ ಸೈನಿಕ ನಮ್ಮ ಸೀಮೆಯವನು ಎಂದು ನಂಬಬೇಡಿ, ಏಕೆಂದರೆ ಈ ದಳಗಳಿಗೆ ಉತ್ತರ ಭಾರತದಿಂದಲೂ ಜನರನ್ನು ಸೇರಿಸಿಕೊಳ್ಳಲಾಗುತ್ತಿತ್ತು. ಕಾಂಟಿಂಜೆಂಟನ್ನು ನಿಜಾಮರ ಸ್ವಂತ ಸೈನ್ಯದೊಂದಿಗೆ ಕಲಸಿಬಿಡುವುದು ನಮ್ಮ ಭಾಗದ ವ್ಯಾಪಾರಿಗಳ ರೂಢಿ. ಮೊದಲ ಮಹಾಯುದ್ಧದಲ್ಲಿ ಮೈಸೂರು ಮತ್ತು ಜೋಧಪುರದ ಅಶ್ವಪಡೆಗಳ ಜೊತೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿದ್ದ ಹೈದರಾಬಾದ್ ಲ್ಯಾನ್ಸರ್ಸ್ ನಿಜಾಮರ ಪಡೆ; ನಿಮ್ಮ 97ನೆಯದು ಅದಲ್ಲ. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಕಡೆ ಹುಡುಕುವುದಾದರೆ ಮದ್ರಾಸ್ ಸ್ಯಾಪರ್ಸ್, ಪಯೋನಿಯರ್ಸ್, ಕರ್ನಾಟಿಕ್ ಇನ್‌ಫೆಂಟ್ರಿ ದಳಗಳ ಹೆಸರುಗಳನ್ನು ಪರಿಚಯ ಮಾಡಿಕೊಳ್ಳಿ. ಯುದ್ಧದಲ್ಲಿ ಮಡಿದವನ ಹೆಸರಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಉಚಿತವಾಗಿ ಹುಡುಕಬಹುದು, ಅಲ್ಲಿ ಹಲವು ಬಾರಿ ತಂದೆಯ ಹೆಸರು ಮತ್ತು ಊರು ಕೂಡ ಸಿಗುತ್ತವೆ.

ಗಂಗಾವತಿಯಿಂದ, ಪತ್ತಾರ ವೃತ್ತಿಯವರು

ಲೋಹದ ಮಾತನ್ನು ಮಾತ್ರ ಹೇಳುತ್ತೇನೆ. ಬೆಳ್ಳಿಯ ಪದಕವನ್ನು ದಯವಿಟ್ಟು ಒರೆಗಲ್ಲಿಗೆ ತಿಕ್ಕಿಸಬೇಡಿ, ತಿಕ್ಕುವುದು ಅಂಚನ್ನೇ, ಅಕ್ಷರಗಳಿರುವುದೂ ಅಲ್ಲಿಯೇ. ಮೊದಲು ತಕ್ಕಡಿಯಲ್ಲಿ ತೂಗಿ, ನಂತರ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದಾಗ ಸುಮಾರು 10.3 ಬಂದರೆ ಅದು ನೂರಕ್ಕೆ 92.5 ಭಾಗ ಬೆಳ್ಳಿ, 8.9ರ ಆಸುಪಾಸಿನಲ್ಲಿದ್ದರೆ ತಾಮ್ರ–ನಿಕಲ್ ಮಿಶ್ರಣ. ಲೋಹದ ಶುದ್ಧತೆ ಅಳೆಯುವ ಕ್ಯಾರೆಟ್ ಯಂತ್ರವಿರುವ ಸರಾಫರ ಬಳಿ ಇದು ಇನ್ನೂ ಸುಲಭ. ಹುಣಸೆಹಣ್ಣು, ವಿಭೂತಿ, ಪಾಲಿಶ್ ಇವುಗಳನ್ನು ಹತ್ತಿರಕ್ಕೂ ತರಬೇಡಿ.

ಬಳ್ಳಾರಿಯಿಂದ, ಪದಕ ಸಂಗ್ರಾಹಕ

ನಿಮ್ಮ ಪ್ರಶ್ನೆಯ ಅರ್ಧಕ್ಕೆ ಪದಕಗಳನ್ನು ಕೈಯಲ್ಲಿ ಹಿಡಿಯದೆಯೇ ಉತ್ತರಿಸಬಹುದು. ಎರಡನೇ ಮಹಾಯುದ್ಧದ ನಿಯಮದಂತೆ ಬರ್ಮಾ ಸ್ಟಾರ್ ಮತ್ತು ಪೆಸಿಫಿಕ್ ಸ್ಟಾರ್ ಎರಡನ್ನೂ ಒಬ್ಬನಿಗೆ ಕೊಡುತ್ತಿರಲಿಲ್ಲ. ಎರಡಕ್ಕೂ ಅರ್ಹನಾದವನು ಮೊದಲು ಗಳಿಸಿದ ನಕ್ಷತ್ರದ ರಿಬ್ಬನ್ನಿನ ಮೇಲೆ ಇನ್ನೊಂದರ ಹೆಸರಿನ ಪಟ್ಟಿಯೊಂದನ್ನು ಮಾತ್ರ ಧರಿಸುತ್ತಿದ್ದ. ಹಾಗಾಗಿ ನಿಮ್ಮ ನಾಲ್ಕರ ಗುಂಪು ಯಾರೋ ಜೋಡಿಸಿದ್ದು. ವ್ಯಾಪಾರಿ ಮೋಸ ಮಾಡುತ್ತಿದ್ದಾರೆ ಎಂದು ಇದರ ಅರ್ಥವಲ್ಲ, ಅವರಿಗೆ ಬಂದದ್ದೇ ಹೀಗಿರಬಹುದು. ಆದರೆ ‘ಒಬ್ಬನೇ ಸೈನಿಕನವು’ ಎಂಬ ಮಾತಿಗೆ ಹೆಚ್ಚುವರಿ ಬೆಲೆ ಕೊಡಬೇಕಾಗಿಲ್ಲ. ನಕ್ಷತ್ರಗಳ ಮೇಲೆ ಹೆಸರಿಲ್ಲದಿರುವುದು ನಕಲಿಯ ಗುರುತಲ್ಲ. ಬ್ರಿಟಿಷ್ ಸರ್ಕಾರ ತನ್ನ ಸೈನಿಕರಿಗೆ ಅವನ್ನು ಹೆಸರಿಲ್ಲದೆಯೇ ಕೊಟ್ಟಿತು. ಹೆಸರಿಲ್ಲದ ಕಾರಣಕ್ಕೇ ಅವುಗಳ ನಕಲು ಹೆಚ್ಚು, ನಾನಂತೂ ಹೊಸಬರಿಗೆ ಅವನ್ನು ಸೂಚಿಸುವುದಿಲ್ಲ.

ದುಂಡನೆಯ ಜೋಡಿಯೇ ನಿಜವಾದ ಸರಕು. ಅವು ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್. ಎರಡರ ವ್ಯಾಸವೂ 36 ಮಿಲಿಮೀಟರ್. ಮೊದಲನೆಯದರ ಹಿಂಬದಿಯಲ್ಲಿ ಕುದುರೆಯ ಮೇಲಿನ ಬೆತ್ತಲೆ ಸವಾರನೂ 1914, 1918 ಎಂಬ ಇಸವಿಗಳೂ ಇರಬೇಕು, ಎರಡನೆಯದರ ಹಿಂದೆ ‘1914–1919’ ಎಂದಿರಬೇಕು. ಎರಡೂ ಅಂಚುಗಳಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರುಗಳು ಪರಸ್ಪರ ಹೊಂದಬೇಕು. ಬಳಿಕ ವರ್ನಿಯರ್ ಕ್ಯಾಲಿಪರ್‌ನಿಂದ ವ್ಯಾಸವನ್ನು ನಾಲ್ಕೈದು ಕಡೆ ಅಳೆಯಿರಿ. ಹಳೆಯ ಹೆಸರನ್ನು ಅರದಿಂದ ಉಜ್ಜಿ ಹೊಸದನ್ನು ಬರೆಸಿದ್ದರೆ ಅಳತೆ ಕಡಿಮೆಯಾಗಿರುತ್ತದೆ, ಇಲ್ಲವೆ ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸವಿರುತ್ತದೆ. ಅಚ್ಚು ತೆಗೆದು ಎರಕ ಹೊಯ್ದ ನಕಲು ಕೂಡ ಲೋಹ ಆರುವಾಗ ಕುಗ್ಗುವುದರಿಂದ ಮೂಲಕ್ಕಿಂತ ಚಿಕ್ಕದಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಂಥ ಕುಳಿಗಳು, ಅಂಚಿನ ಸುತ್ತ ಅರೆದು ಮುಚ್ಚಿದ ಗೆರೆ ಕಾಣುತ್ತವೆ. ಈ ಜೋಡಿಯ ಅಕ್ಷರಗಳು ಒತ್ತಿ ಮೂಡಿಸಿದವಾಗಿರಬೇಕು, ಕೊರೆದವಲ್ಲ. ಹೋಲಿಸಲು ಬ್ರಿಟಿಷ್ ದಳದ ಪದಕವನ್ನು ಬಳಸಬೇಡಿ; ಭಾರತೀಯ ದಳಗಳ ಪದಕಗಳ ಅಕ್ಷರದ ಆಕಾರ ಬೇರೆಯಾಗಿರಬಹುದು.

ಇನ್ನೊಂದು ಮಾತು, ಮುಂದೆ ನಿಮಗೆ ಇದೇ ವಾರ್ ಮೆಡಲ್ ಕಂದು ಬಣ್ಣದ ಕಂಚಿನಲ್ಲಿ ಸಿಕ್ಕರೆ ನಕಲಿ ಎಂದು ಎಸೆಯಬೇಡಿ. ಕೂಲಿ ದಳಗಳಲ್ಲಿ ದುಡಿದ ಭಾರತೀಯರು, ಚೀನೀಯರು ಮತ್ತು ಮಾಲ್ಟಾದವರಿಗೆ ಅದನ್ನು ಕಂಚಿನಲ್ಲಿಯೇ ಕೊಡಲಾಯಿತು. ಬೆಳ್ಳಿಯದಕ್ಕಿಂತ ಅದು ಅಪರೂಪ. ರಿಬ್ಬನ್ನಿನ ವಿಷಯದಲ್ಲಿ ಜನ ಅನಾವಶ್ಯಕವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹೊಳೆಯುವ ರಿಬ್ಬನ್ ಹೊಸದು ಎಂಬುದೇನೋ ನಿಜ, ಆದರೆ ಸವೆದ ರಿಬ್ಬನ್ ಬದಲಿಸುವುದು ಸೈನಿಕರ ಮನೆಗಳಲ್ಲಿ ಸಹಜವಾದ್ದರಿಂದ ಪದಕವನ್ನು ಆ ಕಾರಣಕ್ಕೆ ತಿರಸ್ಕರಿಸಬಾರದು.

ಸಿಂಧನೂರಿನಿಂದ, ಮಾಜಿ ಸೈನಿಕ

ಬ್ರಿಟಿಷರ ಪದಕಗಳ ಬಗ್ಗೆ ಹಿರಿಯರು ಹೇಳಿದ್ದಾರೆ. ಸ್ವತಂತ್ರ ಭಾರತದ ಪದಕಗಳು, ಅಂದರೆ 1965ರ ರಕ್ಷಾ ಪದಕ, 1971ರ ಸಂಗ್ರಾಮ್ ಪದಕ, ಪೂರ್ವಿ ಮತ್ತು ಪಶ್ಚಿಮಿ ಸ್ಟಾರ್‌ಗಳು ನಿಮ್ಮ ಕೈಗೆ ಬಂದರೆ, ಕೊಳ್ಳುವ ಮೊದಲು ಅವುಗಳ ಮೇಲಿನ ಹೆಸರನ್ನು ಹಿಡಿದು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅವರ ಮಕ್ಕಳೋ ಮೊಮ್ಮಕ್ಕಳೋ ಪಕ್ಕದ ತಾಲ್ಲೂಕಿನಲ್ಲೇ ಇರಬಹುದು, ಪದಕ ಮನೆಯಿಂದ ಹೋದದ್ದು ಅವರಿಗೆ ಗೊತ್ತಿಲ್ಲದೆಯೂ ಇರಬಹುದು. ಪದಕಕ್ಕೆ ಸೇರಿದ ಬಿಡುಗಡೆ ಪುಸ್ತಿಕೆ, ಪಿಂಚಣಿ ಕಾಗದ, ಸಮವಸ್ತ್ರದ ಫೋಟೋ ಸಿಗುವುದೂ ಅಂಥ ಮನೆಯಲ್ಲೇ.

ಬಳ್ಳಾರಿಯಿಂದ, ವಕೀಲರು

ಕಾನೂನಿನ ಮಾತು ಸಂಕ್ಷೇಪವಾಗಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಮೀರಿದ ಐತಿಹಾಸಿಕ ವಸ್ತುಗಳನ್ನು ಮಾರುವ ವ್ಯವಹಾರ ನಡೆಸಲು ಪರವಾನಗಿ ಬೇಕು, ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಆದ್ದರಿಂದ ಪರೀಕ್ಷೆಗೆಂದು ಲಂಡನ್ನಿನ ಪರಿಣತರಿಗೆ ಪದಕವನ್ನೇ ಅಂಚೆಯಲ್ಲಿ ಕಳಿಸುವ ಯೋಚನೆ ಬೇಡ, ಎರಡೂ ಮುಖ ಮತ್ತು ಅಂಚಿನ ಪೂರ್ತಿ ಸುತ್ತಿನ ಸ್ಪಷ್ಟ ಚಿತ್ರಗಳನ್ನು ಕಳಿಸಿದರೆ ಸಾಕು. ವ್ಯಾಪಾರಿಯಿಂದ ಅಂಚಿನ ಬರಹವನ್ನು ಅಕ್ಷರಶಃ ನಮೂದಿಸಿದ ರಸೀದಿ ಪಡೆಯಿರಿ, ಮತ್ತು ಅದರಲ್ಲಿ ಜೋಡಿಯನ್ನೂ ನಕ್ಷತ್ರಗಳನ್ನೂ ಬೇರೆ ಬೇರೆಯಾಗಿ ಬರೆಸಿರಿ.